ಕೊಟ್ಟಿಗೆ ಗೋಡೆಯ ದನಿ

ಫೆಬ್ರವರಿ ೩

ಪ್ರೀತಿಯ ಅತ್ತಿಗೆ,

ನಿಮ್ಮ ಮೊಣಕಾಲು ಹೇಗಿದೆ ಅನ್ನುವುದನ್ನು ನೀವೇ ಬರೆಯಬೇಕು. ಫೋನ್ ಮಾಡಿದರೆ ಅಣ್ಣ ಎತ್ತುತ್ತಾನೆ, "ಎಲ್ಲಾ ಚೆನ್ನಾಗಿದೆ, ಇಡ್ಲಾ?" ಅನ್ನುತ್ತಾನೆ. ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಮಾತೂ ಒಂದು ಸ್ವಿಚ್ಚು. ನೀವಂತೂ ಫೋನನ್ನು ಕಾದ ಬಾಣಲೆಯ ಹಾಗೆ ದೂರ ಇಡುತ್ತೀರಿ. ಅದಕ್ಕೇ ಈ ಕಾಗದ.

ಸುದ್ದಿ ಇದು: ನಾನು ಸಂಗೀತ ಬರೆಯುತ್ತಿದ್ದೇನೆ. ನುಡಿಸುವುದಲ್ಲ, ಬರೆಯುವುದು. ನಾವು ನಾಲ್ವರು ಸೇರಿ ನುಡಿಸುತ್ತೇವಲ್ಲ, ಪಿಟೀಲಿನ ಮೇಷ್ಟ್ರು, ಪಿಟೀಲಿಗಿಂತ ಒಂದು ಕೈ ದೊಡ್ಡದಾದ ವಿಯೋಲ ನುಡಿಸುವವಳು, ಕೂತು ನುಡಿಸುವ ಚೆಲ್ಲೊದವನು, ಎಲ್ಲರ ಹಿಂದೆ ನಾನು ಮತ್ತು ನೀವು "ಬೀರು" ಅಂತ ಕರೆಯುವ ನನ್ನ ಡಬಲ್ ಬಾಸ್. ಇಷ್ಟು ವರ್ಷ ನನ್ನ ಕೆಲಸ ಏನಿತ್ತು ಅಂದರೆ, ಚೆಲ್ಲೊದವನು ನುಡಿಸಿದ್ದನ್ನೇ ಇನ್ನೂ ಕೆಳಗಿನಿಂದ ನುಡಿಸುವುದು. ಅವನು ನಡೆದರೆ ನಾನು ಅವನ ನೆರಳು. ಈಗ ಸಭಾಂಗಣದವರು, ನಿಮ್ಮಲ್ಲೇ ಯಾರಾದರೂ ಹೊಸದು ಬರೆದರೆ ಮೇ ತಿಂಗಳ ಕಚೇರಿಗೆ ಹಾಕುತ್ತೇವೆ ಅಂದರು. ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಬಾಸ್ ಮುಂದೆ ನಿಲ್ಲುತ್ತದೆ ಅಂದಾಗ ಚೆಲ್ಲೊದವನು, "ಆನೆ ಕುಣಿಯೋದನ್ನ ನೋಡೋಕೆ ಜನ ಬರ್ತಾರಾ?" ಅಂದ. "ಬರ್ತಾರೆ, ನೀನು ಸ್ವಲ್ಪ ಪಕ್ಕಕ್ಕೆ ಸರಿ" ಅಂದೆ.

ಬರೆಯುತ್ತಿರುವುದು ನಮ್ಮ ಊರನ್ನೇ. ನಾಲ್ಕು ಭಾಗ. ಬೆಳಿಗ್ಗೆಗೆ ಬಾವಿಯ ರಾಟೆ. ಪಿಟೀಲು ಕಿರ್ರ್ ಅಂದರೆ ಎಣ್ಣೆ ಕಾಣದ ರಾಟೆ ಅಂತ ಕೇಳಿದವರಿಗೆ ಗೊತ್ತಾಗಬೇಕು. ಮಧ್ಯಾಹ್ನಕ್ಕೆ ಒಣಹುಲ್ಲಿನ ಮೇಲಿನ ಗಾಳಿ. ಮೂರನೆಯದರಲ್ಲಿ ದನ ಮನೆಗೆ ಬರುತ್ತವೆ. ನಾನು ಕಮಾನು ಕೆಳಗಿಟ್ಟು ಬೆರಳಲ್ಲೇ ತಂತಿ ಮೀಟುತ್ತೇನೆ, ಗೊರಸಿನ ಸದ್ದು ಬರುತ್ತದೆ. ಮೂರೂ ಮುಗಿದವು. ನಾಲ್ಕನೆಯದು ಮುಸ್ಸಂಜೆ. ಅದನ್ನು ಬಾಸ್ ಒಂಟಿಯಾಗಿ ಶುರು ಮಾಡಬೇಕು. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ನಾನು ಮಲಗುತ್ತಿದ್ದ ಸಣ್ಣ ಕೋಣೆಯ ಹಿಂದಿನ ಗೋಡೆಯೇ ಕೊಟ್ಟಿಗೆಗೂ ಗೋಡೆಯಲ್ಲವಾ? ದೀಪ ಹಚ್ಚುವ ಹೊತ್ತಿಗೆ ಆ ಗೋಡೆಯಿಂದ ಒಂದು ದನಿ ಬರುತ್ತಿತ್ತು. ತುಂಬ ಕೆಳಗಿನದು. ಕಿವಿಗಿಂತ ಬೆನ್ನಿಗೆ ಚೆನ್ನಾಗಿ ಕೇಳುತ್ತಿತ್ತು. ಒಂದೇ ಸ್ವರದಲ್ಲಿ ನಿಂತು ನಿಂತು, ಆಮೇಲೆ ಒಂದು ಮೆಟ್ಟಿಲು ಇಳಿಯುತ್ತಿತ್ತು. ಬೆಟ್ಟವೇ ಮಾತಾಡುತ್ತಿದೆ ಅಂತ ಎಷ್ಟು ದಿನ ನಂಬಿದ್ದೆನೋ. ಮೊದಲ ಸಲ ಬಾಸ್ ಅಪ್ಪಿಕೊಂಡು ಕಮಾನು ಎಳೆದಾಗ ಇದು ನನಗೆ ಗೊತ್ತಿರುವ ದನಿ ಅನ್ನಿಸಿದ್ದು ಅದಕ್ಕೇ. ಆದರೆ ಬರೆಯಲು ಕೂತರೆ ಅರ್ಧ ನೆನಪು. ಅದು ಯಾವುದರ ಸದ್ದು ಅಂತ ಹುಡುಕಿಕೊಡುತ್ತೀರಾ? ಮೂಲ ಸಿಕ್ಕರೆ ಮಿಕ್ಕಿದ್ದು ನನಗೆ ಕೇಳಿಸುತ್ತದೆ. ಅಣ್ಣನನ್ನು ಕೇಳಬೇಡಿ, ಮೋಟಾರು ಅನ್ನುತ್ತಾನೆ.

ನಿಮ್ಮ
ಗುಬ್ಬಿ


ಫೆಬ್ರವರಿ ೧೫

ಗುಬ್ಬಿಗೆ ನಿನ್ನ ಅತ್ತಿಗೆಯ ಆಶೀರ್ವಾದ.

ದೇವರ ದಯೆಯಿಂದ ನಾವು ಚೆನ್ನಾಗಿದ್ದೇವೆ. ಮೊಣಕಾಲೊಂದು ನನ್ನ ಮಾತು ಕೇಳುವುದಿಲ್ಲ, ಮಿಕ್ಕ ಮೈಯೆಲ್ಲ ಕೇಳುತ್ತದೆ. ನಾನು ಓದಿದ್ದು ಊರ ಶಾಲೆಯಲ್ಲಿ, ತಪ್ಪು ಕಂಡರೆ ತಿದ್ದಿಕೊಂಡು ಓದು.

ನೀನು ಬೇಡ ಅಂದರೂ ನಿಮ್ಮಣ್ಣನನ್ನೇ ಕೇಳಿದೆ. "ಮೋಟಾರು" ಅಂದರು. "ಆಗ ಈ ಕಡೆಗೆ ಕರೆಂಟೇ ಬಂದಿರಲಿಲ್ಲ" ಅಂದೆ. "ಹಾಗಾದ್ರೆ ಹಿಟ್ಟಿನ ಗಿರಣಿ. ಡೀಸೆಲ್ದು" ಅಂದರು. ಅದು ಸರಿ ಕಂಡಿತು. ಗಿರಣಿ ನಿಂತು ಎಷ್ಟೋ ಕಾಲವಾಯಿತು, ಈಗ ಅದರೊಳಗೆ ಕೋಳಿ ಸಾಕಿದ್ದಾರೆ. ಆದರೂ ಹೋದೆ.

"ಏನಮ್ಮಾ, ಹಿಟ್ಟು ಬೀಸೋದಾ?" ಅಂದರು ಗಿರಣಿಯವರು.

"ಹಿಟ್ಟಲ್ಲಪ್ಪ, ಸದ್ದು ಬೇಕಾಗಿತ್ತು."

"ಸದ್ದಾ? ಎಷ್ಟು ಕೆಜಿ?"

ನನ್ನ ನಾದಿನಿ ಪಟ್ಟಣದಲ್ಲಿ ದೊಡ್ಡ ವಾದ್ಯ ನುಡಿಸುತ್ತಾಳೆ, ಅವಳಿಗೆ ನಮ್ಮೂರಿನ ಸದ್ದು ಬೇಕಂತೆ ಅಂತ ಎಲ್ಲ ಬಿಡಿಸಿ ಹೇಳಿದೆ. ಪಾಪ, ಒಳ್ಳೆಯವರು. ಎಂಜಿನ್ ಒರೆಸಿದರು, ಎಲ್ಲಿಂದಲೋ ಡೀಸೆಲ್ ತಂದರು, ತಿರುಗಿಸಿ ತಿರುಗಿಸಿ ಬೆವರಿದರು. ಕೊನೆಗೆ ಹೊತ್ತಿಕೊಂಡಿತು. ಕೋಳಿಗಳೆಲ್ಲ ನನ್ನ ತಲೆಯ ಮೇಲಿಂದ ಹಾರಿಹೋದವು. ಓಡಲಾರದ ಕಾಲಲ್ಲಿ ಮನೆಗೆ ಬಂದು ನಿನ್ನ ಕೋಣೆಯ ಗೋಡೆಗೆ ಕಿವಿ ಇಟ್ಟೆ. ಟಕಟಕ ಅಂತ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ನೀನು ಹೇಳಿದ ಹಾಗೆ ನಿಂತು ಇಳಿಯಲಿಲ್ಲ. ಆದರೂ ಬರೆದಿದ್ದೇನೆ, ನಿನಗೆ ಆಗುತ್ತದಾ ನೋಡು.

ಪ್ರಾರ್ಥನಾ ಮಂದಿರಕ್ಕೆ ಹಾಡು ಕಲಿಸಲು ಹೊಸ ಮೇಡಂ ಬಂದಿದ್ದಾರೆ. ತುಂಬ ಶಿಸ್ತು. ನಾನು ಈಗ ಹಾಡಿಗೆ ಕೂರುವುದಿಲ್ಲ, ಗುಡಿಸುವ ಕೆಲಸ ತೆಗೆದುಕೊಂಡಿದ್ದೇನೆ. ದೇವರಿಗೆ ಎರಡೂ ಒಂದೇ. ನಿನ್ನ ಬೀರುವಿಗೆ ಮುಂದಿನ ಸಾಲು ಸಿಗಲಿ ಅಂತ ಕೇಳಿಕೊಂಡಿದ್ದೇನೆ.

ನಿನ್ನ ಅತ್ತಿಗೆ


ಮಾರ್ಚ್ ೨

ಅತ್ತಿಗೆ,

"ಎಷ್ಟು ಕೆಜಿ" ಅನ್ನುವುದನ್ನು ಓದಿ ಹೇಳಿದೆ, ವಿಯೋಲದವಳು ನಕ್ಕು ನಕ್ಕು ಕಮಾನು ಬೀಳಿಸಿದಳು. ಈಗ ದಿನಾ ಅಭ್ಯಾಸಕ್ಕೆ ಬಂದ ಕೂಡಲೆ, "ಇವತ್ತು ಅರ್ಧ ಕೆಜಿ ಸಾಕಾ?" ಅನ್ನುತ್ತಾಳೆ.

ಗಿರಣಿ ಅಲ್ಲ, ಅತ್ತಿಗೆ. ನೀವು ಅಷ್ಟು ಓಡಾಡಿದ್ದಕ್ಕೆ ಹೌದು ಅಂದುಬಿಡೋಣ ಅನ್ನಿಸಿತು, ಆದರೆ ಅಲ್ಲ. ಇನ್ನೂ ಸ್ವಲ್ಪ ನೆನಪು ಮಾಡಿಕೊಂಡು ಹೇಳುತ್ತೇನೆ. ಅದು ಎಂಜಿನ್ನಿನ ಹಾಗೆ ಬಡಿಯುತ್ತಿರಲಿಲ್ಲ, ಉಸಿರಿನ ಹಾಗೆ ಬರುತ್ತಿತ್ತು. ನಡುವೆ ಬಿಡುವು ಕೊಡುತ್ತಿತ್ತು. ಗೋಡೆಗೆ ಅಂಗೈ ಒತ್ತಿದರೆ ಮಣ್ಣು ಸಣ್ಣಗೆ ನಡುಗುವುದು ಗೊತ್ತಾಗುತ್ತಿತ್ತು. ಮಳೆಗಾಲ, ಬೇಸಿಗೆ ಅಂತಿರಲಿಲ್ಲ, ಎಲ್ಲ ಕಾಲದಲ್ಲೂ ಇತ್ತು. ಇನ್ನೊಂದು ವಿಷಯ: ಅದು ಮೊದಲಿನಿಂದ ಇದ್ದದ್ದಲ್ಲ. ಅಪ್ಪ ತೀರಿಕೊಂಡ ವರ್ಷ ಶುರುವಾಯಿತು. ಅಂದರೆ ನೀವು ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷವೇ. ಹಾಗಾಗಿ ನೀವೂ ಕೇಳಿರಲೇಬೇಕು. ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ನಿಮ್ಮದೇ ಓಡಾಟ ಇರುತ್ತಿತ್ತಲ್ಲ, ಸ್ವಲ್ಪ ಯೋಚನೆ ಮಾಡಿ.

ನಮ್ಮ ಅಭ್ಯಾಸದ ಕೋಣೆ ಇಸ್ತ್ರಿ ಅಂಗಡಿಯ ಮಹಡಿಯಲ್ಲಿದೆ. ಕೆಳಗಿನ ಹಬೆ ಮೇಲಕ್ಕೆ ಬಂದು ತಂತಿಗಳೆಲ್ಲ ಸಡಿಲವಾಗುತ್ತವೆ, ಕಮಾನಿಗೆ ಎಷ್ಟು ರಾಳ ತಿಕ್ಕಿದರೂ ಜಾರುತ್ತದೆ. ಬಾಸ್ ಹೊತ್ತು ಮೆಟ್ಟಿಲು ಹತ್ತುವಾಗ ಇಸ್ತ್ರಿಯವರು ದಿನಾ, "ಇದಕ್ಕಿಂತ ಕೊಳಲು ಕಲೀಬಾರ್ದಿತ್ತಾಮ್ಮಾ?" ಅನ್ನುತ್ತಾರೆ. ಎಲ್ಲರೂ ಹೋದ ಮೇಲೆ ನಾನು ಬಾಸಿನ ಮರಕ್ಕೆ ಕಿವಿ ಒತ್ತಿ ಅತಿ ದಪ್ಪ ತಂತಿಯನ್ನು ಎಳೆಯುತ್ತೇನೆ. ಇನ್ನೇನು ಬಂತು ಅನ್ನಿಸುತ್ತದೆ, ಬರುವುದಿಲ್ಲ. ಸಭಾಂಗಣದವರಿಗೆ ಏಪ್ರಿಲ್ ಕೊನೆಯೊಳಗೆ ಪೂರ್ತಿ ಕೊಡಬೇಕು. ಇಲ್ಲದಿದ್ದರೆ ಯಾವುದೋ ಹಳೆಯ ರಚನೆ ಹಾಕುತ್ತಾರೆ, ಅದರಲ್ಲಿ ಬಾಸ್ ಇಲ್ಲವೇ ಇಲ್ಲ.

ಗುಬ್ಬಿ


ಮಾರ್ಚ್ ೧೩

ಗುಬ್ಬಿಗೆ ಆಶೀರ್ವಾದ.

ನಿಮ್ಮಣ್ಣ ಒಳಗೆ ಕೂತರು, ನಾನು ಕೊಟ್ಟಿಗೆಯಲ್ಲಿ ನಿಂತು ಎಲ್ಲ ಪರೀಕ್ಷೆ ಮಾಡಿದೆವು. ಸಿಗಲಿಲ್ಲ. ಗೋಡೆಯ ಬಿರುಕಿನಲ್ಲಿ ಜೇನುಹುಳ ಗೂಡು ಕಟ್ಟಿವೆ. ಅವೇ ಇರಬೇಕು. ಅದನ್ನೇ ಹಾಕು. ಹುಳ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಕೇಳಲೂ ಚೆನ್ನಾಗಿರುತ್ತದೆ.

ಇಲ್ಲಿ ಬಿಸಿಲು ಜೋರು. ಎಮ್ಮೆ ಗಬ್ಬವಾಗಿದೆ. ಹೊತ್ತಿಗೆ ಸರಿಯಾಗಿ ಮಲಗು.

ಅತ್ತಿಗೆ


ಮಾರ್ಚ್ ೨೮

ಅತ್ತಿಗೆ,

ಜೇನುಹುಳ ಹಾಕಿದೆ. ನೀವು ಹೇಳಿದ್ದು ನಿಜ, ಎಲ್ಲರಿಗೂ ಅರ್ಥವಾಯಿತು. ಬಾಸ್ ಮತ್ತು ಚೆಲ್ಲೊ ಸೇರಿ ಝೇಂಕಾರ, ಮೇಲೆ ಪಿಟೀಲು ಒಂದೊಂದೇ ಹುಳ ಹಾರಿಬಿಟ್ಟ ಹಾಗೆ. ಸಭಾಂಗಣದವರು ಬಂದು ಕೇಳಿದರು. "ಬಹಳ ಮುದ್ದಾಗಿದೆ" ಅಂದರು. ಮುದ್ದಾಗಿದೆ ಅಂದ ಕೂಡಲೆ ನನಗೆ ಅಳು ಬಂತು. ಆ ದನಿ ಮುದ್ದಾಗಿರಲಿಲ್ಲ ಅತ್ತಿಗೆ. ಹುಳ ಮೆಟ್ಟಿಲು ಇಳಿಯುವುದಿಲ್ಲ. ಚಳಿಗಾಲದಲ್ಲಿ ಹುಳ ಎಲ್ಲಿಂದ ಬಂತು? ನಾನು ಬರೆದದ್ದನ್ನು ನುಡಿಸುವಾಗ ಯಾರದೋ ಮನೆಯ ಫೋಟೊ ತಂದು ಇದು ನಮ್ಮ ಮನೆ ಅಂತ ತೋರಿಸಿದ ಹಾಗಾಗುತ್ತದೆ. ಪಿಟೀಲಿನ ಮೇಷ್ಟ್ರಿಗೆ ಹೇಳಿದರೆ, "ಜನಕ್ಕೇನು ಗೊತ್ತಾಗುತ್ತಮ್ಮಾ?" ಅಂದರು. ಜನಕ್ಕೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ಅದನ್ನು ತೆಗೆದುಬಿಟ್ಟಿದ್ದೇನೆ. ಮೂರು ಭಾಗ ಮಾತ್ರ ನುಡಿಸುತ್ತೇವೆ ಅಂದರೆ ಅವರು ಒಪ್ಪುವುದಿಲ್ಲ. ಏಪ್ರಿಲ್ ಕೊನೆಯವರೆಗೆ ಕಾಯಿರಿ ಅಂದಿದ್ದೇನೆ.

ಅದು ಬಿಡಿ. ನಿಮ್ಮ ಕಾಗದ ನನ್ನ ನಿದ್ದೆ ಕೆಡಿಸಿದೆ. ಇಷ್ಟು ಚಿಕ್ಕ ಕಾಗದ ನೀವು ಬರೆದದ್ದೇ ಇಲ್ಲ. ಗಿರಣಿಗೆ ಕಳಿಸಿದೆ, ಕೊಟ್ಟಿಗೆಯಲ್ಲಿ ನಿಲ್ಲಿಸಿದೆ, ಕಾಲುನೋವಿನವರು ಅನ್ನುವುದನ್ನೂ ಮರೆತೆ. ಕೋಪ ಬಂತಾ? ಊರಿಗೆ ಬಂದು ಎರಡು ವರ್ಷವಾಯಿತು, ಕಾಲಿಟ್ಟು ನೋಡದವಳಿಗೆ ಊರಿನ ಸದ್ದು ಬೇರೆ ಬೇಕಾ ಅನ್ನಿಸಿತಾ? ಅನ್ನಿಸಿದ್ದರೆ ಬೈಯಿರಿ. ನೀವು ಬೈದರೆ ಸಹಿಸುತ್ತೇನೆ, ನೀವು ಚಿಕ್ಕ ಕಾಗದ ಬರೆದರೆ ಆಗುವುದಿಲ್ಲ.

ಗುಬ್ಬಿ


ಏಪ್ರಿಲ್ ೬

ಗುಬ್ಬಿ,

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಬರುವುದಿಲ್ಲ, ಯಾರೂ ಕಲಿಸಿಕೊಟ್ಟಿಲ್ಲ. ನೀನು ಹಾಗೆ ತಿಳಿದು ನಿದ್ದೆ ಕೆಡಿಸಿಕೊಂಡೆಯಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸದ್ದು ಸಿಕ್ಕಿತ್ತು. ಸಿಗಲಿಲ್ಲ ಅಂತ ಬರೆದದ್ದು ಸುಳ್ಳು.

ಆವತ್ತು ನಿಮ್ಮಣ್ಣನನ್ನು 'ಗೋಡೆಗೆ ಕಿವಿ ಇಟ್ಟುಕೊಂಡು ಕೂರಿ' ಅಂತ ನಿನ್ನ ಕೋಣೆಗೆ ಕಳಿಸಿದೆ. ಅಲ್ಲೆಲ್ಲ ಈಗ ಅವರ ಮೋಟಾರು ಸಾಮಾನು, ನಡುವೆ ಜಾಗ ಮಾಡಿಕೊಂಡು ಕೂತರು. ನಾನು ಕೊಟ್ಟಿಗೆಯಲ್ಲಿ ಒಂದೊಂದೇ ಸದ್ದು ಮಾಡುವುದು, ಅವರು ಒಳಗಿಂದ ಕೂಗಿ ಹೇಳುವುದು. ನೀರಿನ ಡ್ರಮ್ ಬಡಿದೆ. "ಅಲ್ಲ!" ಬಾಗಿಲು ಎಳೆದೆ. "ಅಲ್ಲ!" ಎಮ್ಮೆಯ ಬೆನ್ನು ತಟ್ಟಿದೆ, ಅದು ಒಂದು ಸಲ ಕೂಗಿತು. "ಅದು ಎಮ್ಮೆ ಅಂತ ನಂಗೂ ಗೊತ್ತು ಕಣೇ!" ಅಂದರು. ಅಷ್ಟರಲ್ಲಿ ಬೆಳಕು ಇಳಿಯುತ್ತಾ ಬಂತು. ನನ್ನ ಪ್ರಾರ್ಥನೆಯ ಹೊತ್ತು. ಹುಲ್ಲಿನ ರಾಶಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಸಂದಿ ಇದೆ. ಈ ಮನೆಗೆ ಬಂದಾಗಿನಿಂದ ನಾನು ಪ್ರಾರ್ಥನೆಗೆ ನಿಲ್ಲುವುದು ಅಲ್ಲೇ. ನಿಮ್ಮಣ್ಣ ಸ್ವಲ್ಪ ಕಾಯಲಿ ಅಂತ ನಿಂತು ಶುರು ಮಾಡಿದೆ. ಎರಡು ಸಾಲು ಆಗಿತ್ತೋ ಇಲ್ಲವೋ, ಓಡಿ ಬಂದರು, ಕಾಲಿಗೆ ಚಪ್ಪಲಿ ಕೂಡ ಇಲ್ಲ.

"ಸಿಕ್ತು! ಅದೇ! ಗೋಡೆ ನಡುಗ್ತು ಕಣೇ! ಏನ್ ಬಡಿದೆ ಈಗ?"

"ಏನೂ ಬಡೀಲಿಲ್ಲ. ಪ್ರಾರ್ಥನೆ ಮಾಡ್ತಿದ್ದೆ."

ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತೆವು. ಎಮ್ಮೆ ಮಾತ್ರ ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು.

ಗುಬ್ಬಿ, ನನ್ನ ದನಿ ಗಂಡಸರ ದನಿ. ನೀನು ಅದನ್ನು ಕೇಳುತ್ತಲೇ ಬೆಳೆದವಳು, ನಿನಗೆ ವಿಶೇಷ ಅನ್ನಿಸಿಲ್ಲ. ಮದುವೆಯಾಗಿ ಬಂದ ವಾರ, ನೆಂಟರೆಲ್ಲ ಕೂತಿದ್ದಾಗ, ನಿಮ್ಮಮ್ಮ ಒಂದು ಹಾಡು ಹೇಳಮ್ಮ ಅಂದರು. ಹೇಳಿದೆ. ಹೊರಗೆ ಜಗಲಿಯ ಮೇಲಿದ್ದ ನಿಮ್ಮ ದೊಡ್ಡಪ್ಪ, "ಒಳಗೆ ಯಾರಪ್ಪಾ ಅದು ಹಾಡ್ತಿರೋರು? ಗಂಡಸರೆಲ್ಲ ಇಲ್ಲಿದ್ದೀವಿ, ಇಲ್ಲೇ ಬನ್ನಿ" ಅಂದರು. ಮನೆಗೆ ಮನೆಯೇ ನಕ್ಕಿತು. ನಿಮ್ಮಮ್ಮನೂ ನಕ್ಕರು. ಅವರು ಕೆಟ್ಟವರಲ್ಲ, ನಗು ಬಂದರೆ ತಡೆಯಲಾರದವರು, ಅಷ್ಟೆ. ಆವತ್ತು ಸಂಜೆ ನಾನು ಕೊಟ್ಟಿಗೆಗೆ ಹೋದೆ. ದನಗಳು ನಗುವುದಿಲ್ಲವಲ್ಲ. ಈಗಲೂ ಫೋನ್ ಎತ್ತಿದರೆ, "ಸಾರ್, ಮನೇಲಿ ಮೇಡಂ ಇದ್ದಾರಾ?" ಅನ್ನುತ್ತಾರೆ. ಮಂದಿರದಲ್ಲಿ ಎಲ್ಲರ ಜೊತೆ ಮೆಲ್ಲಗೆ ಹಾಡಿಕೊಂಡು ಹೇಗೋ ನಡೆದಿತ್ತು. ಹೊಸ ಮೇಡಂ ಎಲ್ಲರನ್ನೂ ನಿಲ್ಲಿಸಿ, "ನೀವು ಬಾಯಿ ಆಡಿಸಿ ಸಾಕು, ದನಿ ಬಿಡಬೇಡಿ" ಅಂದರು. ನಾನು ಪೊರಕೆ ಹಿಡಿದದ್ದು ಅದಕ್ಕೆ.

ಈಗ ನೀನು ಅದನ್ನು ದೀಪ ಹಾಕಿ, ಜನ ಕೂರಿಸಿ ನುಡಿಸಬೇಕು ಅನ್ನುತ್ತೀಯ. ಬೇಡ. ನಗುತ್ತಾರೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಆ ಸಂದಿಯಲ್ಲಿ ನಿಂತು ಹೇಳಿದ್ದು ದೇವರಿಗೆ. ಒಬ್ಬರಿಗೆ ಅಂತ ಹೇಳಿದ್ದನ್ನು ಟಿಕೆಟ್ ಇಟ್ಟು ಊರಿಗೆಲ್ಲ ಕೇಳಿಸುವುದು ನನಗೆ ಸರಿ ಕಾಣುವುದಿಲ್ಲ. ಜೇನುಹುಳವನ್ನೇ ಇಟ್ಟುಕೋ. ಅವು ಬೇಡ ಅನ್ನುವುದಿಲ್ಲ.

ನಿನಗೆ ಬೇಕಾದ್ದನ್ನು ಕೊಡಲಾರೆ ಅಂದದ್ದು ಇದೇ ಮೊದಲು. ಬೇಜಾರು ಮಾಡಿಕೊಳ್ಳಬೇಡ ಅನ್ನಲೂ ನನಗೆ ಬಾಯಿಲ್ಲ.

ಅತ್ತಿಗೆ


ಏಪ್ರಿಲ್ ೧೪

ಅತ್ತಿಗೆ,

ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆಯೇ ಕೂತು ಓದಿದೆ. ಇಸ್ತ್ರಿಯವರು ಪೆಟ್ಟಿಗೆ ಕೆಳಗಿಟ್ಟು ಓಡಿ ಬಂದು, "ಯಾರಿಗೇನಾಯ್ತಮ್ಮಾ?" ಅಂದರು. "ಬೆಟ್ಟ ಸಿಕ್ತು" ಅಂದೆ. "ಸರಿ ಹಾಗಾದ್ರೆ" ಅಂತ ಹೋದರು.

ಮೊದಲು ಕೋಪ ಬಂತು. ನಿಮ್ಮ ಮೇಡಂ ಮೇಲೆ. ಆ ದೊಡ್ಡಪ್ಪನ ಮೇಲೆ. ಈಗ ಅವರಿಲ್ಲ, ಇದ್ದಿದ್ದರೆ ಬಾಸ್ ಹೊತ್ತುಕೊಂಡೇ ಹೋಗಿ ಅವರ ಬಾಗಿಲಲ್ಲಿ ನುಡಿಸುತ್ತಿದ್ದೆ. ಆಮೇಲೆ ನನ್ನ ಮೇಲೆಯೇ ಬಂತು. ಕಿವಿಯಿಂದಲೇ ಹೊಟ್ಟೆ ಹೊರೆಯುವವಳು ನಾನು. ನಿಮ್ಮ ದನಿಯಲ್ಲಿ ಬೈಸಿಕೊಂಡಿದ್ದೇನೆ, ತಲೆ ಬಾಚಿಸಿಕೊಂಡಿದ್ದೇನೆ, ಮಗ್ಗಿ ಒಪ್ಪಿಸಿದ್ದೇನೆ. ಒಂದು ಗೋಡೆ ಅಡ್ಡ ಬಂದ ಕೂಡಲೆ ಅದು ಬೆಟ್ಟ ಅಂದುಕೊಂಡೆ.

ನೀವು ಬೇಡ ಅಂದದ್ದನ್ನು ನಾನು ನುಡಿಸುವುದಿಲ್ಲ. ಈ ಮಾತಿಗೆ ತಪ್ಪುವುದಿಲ್ಲ, ನೆಮ್ಮದಿಯಾಗಿರಿ. ಎರಡೇ ವಿಷಯ ಹೇಳುತ್ತೇನೆ, ಆಮೇಲೆ ನಿಮ್ಮ ಇಷ್ಟ.

ನನಗೆ ನಿಮ್ಮ ಪ್ರಾರ್ಥನೆ ಕೇಳಿಸಿಯೇ ಇಲ್ಲ. ಒಂದು ಪದವೂ ಇಲ್ಲ. ಪದಗಳನ್ನೆಲ್ಲ ಗೋಡೆ ತನ್ನಲ್ಲೇ ಇಟ್ಟುಕೊಂಡು ನಡುಕವನ್ನು ಮಾತ್ರ ದಾಟಿಸಿತು. ಬಾಸಿಗೂ ಪದ ಬರುವುದಿಲ್ಲ. ನೀವು ದೇವರಿಗೆ ಏನು ಹೇಳಿದಿರಿ ಅಂತ ನಾನು ಕೇಳುವುದಿಲ್ಲ, ಯಾವತ್ತೂ ಕೇಳುವುದಿಲ್ಲ.

ಇನ್ನೊಂದು. ಅಪ್ಪ ಹೋದ ಮೇಲೆ ನನಗೆ ಕತ್ತಲೆ ಅಂದರೆ ಜೀವ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಮ್ಮ ಅವರದೇ ದುಃಖದಲ್ಲಿದ್ದರು. ಆ ದನಿ ಶುರುವಾದರೆ ಹೆದರಿಕೆ ಇಳಿಯುತ್ತಿತ್ತು. ಇಷ್ಟು ದೊಡ್ಡದೊಂದು ನಮ್ಮ ಮನೆಯ ಹಿಂದೆ ಕಾವಲು ನಿಂತಿದೆ, ಇನ್ನೇನು ಬರಲು ಸಾಧ್ಯ ಅನ್ನಿಸುತ್ತಿತ್ತು. ಅದನ್ನು ನಾಲ್ಕು ಜನ ನಗಲಿ ಅಂತ ನಾನು ನುಡಿಸುತ್ತೇನಾ, ಅತ್ತಿಗೆ?

ನಿಮ್ಮ ಕಾಗದ ಓದಿದ ಮೇಲೆ ಕೈ ತಡೆಯಲಿಲ್ಲ. ಮುಸ್ಸಂಜೆಯ ಭಾಗ ಒಂದೇ ಉಸಿರಿಗೆ ಬಂತು, ಬರೆದು ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. ಕೊನೆಯೊಂದು ಇಲ್ಲ. ನನ್ನ ನೆನಪಿನಲ್ಲಿ ಆ ದನಿ ಥಟ್ಟನೆ ನಿಲ್ಲುತ್ತದೆ, ಅಷ್ಟೇ. ಜೊತೆಯವರಿಗೆ ಒಂದು ಸಲ ತೋರಿಸಿದೆ, ತಪ್ಪಾಗಿದ್ದರೆ ಕ್ಷಮಿಸಿ. ಪಿಟೀಲಿನ ಮೇಷ್ಟ್ರು, "ಕೊನೆಗೆ ನಾಲ್ಕೂ ಸೇರಿ ಜೋರಾಗಿ ಮುಗಿಸೋಣ, ಆಗಲೇ ಚಪ್ಪಾಳೆ ಬೀಳೋದು" ಅನ್ನುತ್ತಾರೆ. ಚೆಲ್ಲೊದವನು ಮಾತ್ರ ಹೋಗುವಾಗ ನನ್ನ ಬಾಸ್ ಹೊತ್ತು ಕೆಳಗಿಳಿಸಿಕೊಟ್ಟ. ಇಷ್ಟು ವರ್ಷದಲ್ಲಿ ಅವನು ಅದನ್ನು ಮುಟ್ಟಿದ್ದು ಇದೇ ಮೊದಲು.

ಗುಬ್ಬಿ


ಏಪ್ರಿಲ್ ೨೨

ಗುಬ್ಬಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. "ಗೋಡೆ ಈಚೆ ನಾನೂ ಇದ್ದೆನಲ್ಲ, ನಂಗ್ಯಾಕೆ ಇಷ್ಟು ವರ್ಷ ಕೇಳಿಸ್ಲಿಲ್ಲ?" ಅಂದರು. "ಮೋಟಾರು ಬಿಚ್ಚಿಕೊಂಡು ಕೂತೋರಿಗೆ ದೇವರೇ ಬಂದು ಕರೆದ್ರೂ ಕೇಳ್ಸಲ್ಲ" ಅಂದೆ. ಮಾರನೆಯ ದಿನ ಸಂಜೆ ನೋಡುತ್ತೇನೆ, ನಿನ್ನ ಕೋಣೆಯಲ್ಲಿ ಬೆನ್ನನ್ನು ಗೋಡೆಗೆ ಒರಗಿಸಿಕೊಂಡು ಕೂತಿದ್ದಾರೆ, ಸ್ಪ್ಯಾನರ್ ಕೂಡ ಕೈಯಲ್ಲಿಲ್ಲ. "ಏನಿದು?" ಅಂದರೆ, "ಸೊಂಟ ನೋವು" ಅಂದರು. ಇರಲಿ.

ನೀನು ಹೆದರುತ್ತಿದ್ದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಆಚೆ ನಿಂತವಳಿಗೆ ಈಚೆ ಒಂದು ಮಗು ಗೋಡೆಗೆ ಕೈಯಿಟ್ಟು ಕೂತಿದೆ ಅಂತ ಹೇಗೆ ಗೊತ್ತಾಗಬೇಕು? ಅದನ್ನೇ ಯೋಚಿಸಿದೆ. ನಾನು ದೇವರಿಗೆ ಅಂತ ಹೇಳಿದ್ದು ನಿಜ. ಆದರೆ ಅವನು ಅದನ್ನು ತಾನೊಬ್ಬನೇ ಇಟ್ಟುಕೊಳ್ಳದೆ ನಿನಗೂ ಹಂಚಿದ್ದಾನೆ. ನನಗೆ ತಿಳಿಸದೆಯೇ ಹಂಚಿದ್ದಾನೆ. ಅವನು ಕೊಟ್ಟದ್ದನ್ನು ವಾಪಸು ಕೊಡು ಅಂತ ನಿನ್ನ ಕೈಯಿಂದ ಕಿತ್ತುಕೊಳ್ಳಲು ನಾನು ಯಾರು?

ನುಡಿಸು. ನನ್ನ ವಿಷಯ ಮಾತ್ರ ಎಲ್ಲೂ ಹೇಳಬೇಡ. ಬೆಟ್ಟ ಅಂತಲೇ ಹೇಳು.

ನಿನ್ನ ಮೇಷ್ಟ್ರು ಹೇಳಿದ ಹಾಗೆ ಜೋರಾಗಿ ಮುಗಿಸಬೇಡ. ಅದು ಥಟ್ಟನೆ ನಿಲ್ಲುತ್ತದೆ ಅಂತ ಬರೆದಿದ್ದೀಯ. ನಿನಗೆ ಕೇಳಿಸಿದ್ದು ಅಷ್ಟು. ದನಿ ನಿಂತ ಮೇಲೂ ನಾನು ಅಲ್ಲಿಂದ ಬರುತ್ತಿರಲಿಲ್ಲ. ಹೇಳುವುದು ನನ್ನದು ಮುಗಿಯಿತು, ಇನ್ನು ಅವನದು ಅಂತ ಸುಮ್ಮನೆ ನಿಲ್ಲುತ್ತಿದ್ದೆ. ಅದೂ ಪ್ರಾರ್ಥನೆಯೇ, ದೊಡ್ಡ ಭಾಗ ಅದೇ. ಕೇಳಿಬಿಟ್ಟು ಉತ್ತರ ಬರುವ ಮೊದಲೇ ಎದ್ದುಹೋದರೆ ಕೇಳಿದ್ದು ಯಾಕೆ? ನಿಮ್ಮ ನಾಲ್ವರಿಗೂ ಹೇಳು, ಕಮಾನು ಎತ್ತಿದ ಮೇಲೆ ಕೆಳಗಿಳಿಸಬೇಡಿ, ಕಾಯಿರಿ ಅಂತ. ಎಷ್ಟು ಹೊತ್ತು ಅಂತ ಕೇಳಬೇಡ. ಅದು ನನಗೂ ಗೊತ್ತಿರುತ್ತಿರಲಿಲ್ಲ.

ನಾನು ಬರಲಾರೆ. ಎಮ್ಮೆಗೆ ದಿನ ತುಂಬಿದೆ.

ಅತ್ತಿಗೆ


ಮೇ ೧೮

ಅತ್ತಿಗೆ,

ಆಯಿತು. ನಿನ್ನೆ ಸಂಜೆ ನುಡಿಸಿದೆವು.

ಸಭಾಂಗಣ ತುಂಬಿರಲಿಲ್ಲ, ಖಾಲಿಯೂ ಇರಲಿಲ್ಲ. ರಾಟೆಗೆ ಜನ ಮುಗುಳ್ನಕ್ಕರು. ದನ ಬರುವಾಗ ಮುಂದಿನ ಸಾಲಿನ ಹೆಂಗಸೊಬ್ಬರು ಕಾಲಲ್ಲಿ ತಾಳ ಹಾಕಿದರು. ಮುಸ್ಸಂಜೆಗೆ ನಾನು ಒಂಟಿ. ಚೆಲ್ಲೊದವನು ನಿಜವಾಗಿಯೂ ಕುರ್ಚಿ ಹಿಂದಕ್ಕೆ ಎಳೆದುಕೊಂಡು ಜಾಗ ಬಿಟ್ಟ. ನಾನು ಕಣ್ಣು ಮುಚ್ಚಿ ಬಾಸಿನ ಹೆಗಲಿಗೆ ಕೆನ್ನೆ ಇಟ್ಟೆ. ಮೊದಲನೆಯ ಸ್ವರ ಎಳೆದಾಗ ವೇದಿಕೆಯ ಹಲಗೆ ನನ್ನ ಪಾದದ ಕೆಳಗೆ ನಡುಗಿತು. ಯಾರೂ ನಗಲಿಲ್ಲ ಅತ್ತಿಗೆ. ಹಿಂದಿನ ಸಾಲಿನಲ್ಲಿ ರಚ್ಚೆ ಹಿಡಿದಿದ್ದ ಕೂಸೊಂದು ಸುಮ್ಮನಾಯಿತು. ನಾನು ಸುಳ್ಳು ಸೇರಿಸುತ್ತಿಲ್ಲ, ವಿಯೋಲದವಳನ್ನು ಬೇಕಾದರೆ ಕೇಳಿ.

ಆಮೇಲೆ ಮೂವರೂ ಒಬ್ಬೊಬ್ಬರಾಗಿ ಬಂದು ಸೇರಿದರು. ದನಿ ಇಳಿಯುವ ಆ ಒಂದು ಮೆಟ್ಟಿಲು ಇಳಿದೆವು. ಕಮಾನು ಎತ್ತಿದೆವು. ಕಾದೆವು.

ಕಾಯುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಯಾರೋ ಕೆಮ್ಮಿದರು. ಒಬ್ಬರು ಚಪ್ಪಾಳೆಗೆ ಎತ್ತಿದ ಕೈಯನ್ನು ನಮ್ಮ ಕಮಾನು ನೋಡಿ ಹಾಗೇ ನಿಲ್ಲಿಸಿದರು. ಮೇಷ್ಟ್ರು ನನ್ನನ್ನು ಕಣ್ಣಲ್ಲೇ ಗದರಿಸುತ್ತಿದ್ದರು. ನಾನು ಇಳಿಸಲಿಲ್ಲ. ಆಮೇಲೆ ಏನಾಯಿತೋ, ಸಭಾಂಗಣಕ್ಕೆ ಸಭಾಂಗಣವೇ ಸಡಿಲವಾಯಿತು. ಯಾರಿಗೂ ಅವಸರ ಇಲ್ಲ ಅನ್ನಿಸಿತು. ಹೊರಗೆ ಬೀದಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಕರೆದದ್ದು, ಅವರು ಓಗೊಟ್ಟದ್ದು ಒಳಗೆಲ್ಲ ಕೇಳಿಸಿತು. ಆಗ ಕಮಾನು ಇಳಿಸಿದೆ.

ಸಭಾಂಗಣದವರು ಇನ್ನೊಂದು ಬರೆದುಕೊಡಿ ಅಂದಿದ್ದಾರೆ. ಮುದ್ದಾಗಿದೆ ಅನ್ನಲಿಲ್ಲ.

ಮುಂದಿನ ತಿಂಗಳು ಊರಿಗೆ ಬರುತ್ತೇನೆ, ಬೀರು ಸಮೇತ. ಬಸ್ಸಿನವರ ಹತ್ತಿರ ಜಗಳಕ್ಕೆ ಅಣ್ಣ ತಯಾರಾಗಿರಲಿ.

ನೀವು ದೇವರಿಗೆ ಏನು ಹೇಳಿದಿರಿ ಅಂತ ಕೇಳುವುದಿಲ್ಲ ಅಂದಿದ್ದೆ. ಕೇಳುತ್ತಿಲ್ಲ. ಬೇರೆ ಒಂದು ಕೇಳುತ್ತೇನೆ, ಹೇಳಬೇಕು ಅನ್ನಿಸಿದರೆ ಹೇಳಿ. ಆ ಸಂದಿಯಲ್ಲಿ ಹಾಗೆ ಕಾಯುತ್ತಾ ನಿಲ್ಲುತ್ತಿದ್ದಿರಲ್ಲ, ಉತ್ತರ ಬರುತ್ತಿತ್ತಾ?

ಗುಬ್ಬಿ


ಮೇ ೨೭

ಗುಬ್ಬಿಗೆ ಆಶೀರ್ವಾದ.

ಎಮ್ಮೆ ಹೆಣ್ಣುಗರು ಹಾಕಿದೆ. ಎರಡೂ ಚೆನ್ನಾಗಿವೆ. ನಿನ್ನ ಕಾಗದವನ್ನು ನಿಮ್ಮಣ್ಣ ತಾವೇ ಓದುತ್ತೇನೆ ಅಂತ ಇಸಿದುಕೊಂಡರು, ಇನ್ನೂ ವಾಪಸು ಕೊಟ್ಟಿಲ್ಲ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ನಿನಗೆ ಹೇಳಬಹುದು.

ನಾನು ದೊಡ್ಡದೇನೂ ಕೇಳುತ್ತಿರಲಿಲ್ಲ. ಹೊಸ ಮನೆ, ಬಾಯಿ ತೆಗೆದರೆ ನಗುವ ಜನ, ಸಾವಾದ ಮನೆಯಾದ್ದರಿಂದ ಯಾರಿಗೂ ನನ್ನ ಕಡೆ ಗಮನ ಇಲ್ಲ. "ದೇವರೇ, ಈ ಮನೆಯಲ್ಲಿ ನಾನು ಯಾರಿಗೆ ಬೇಕು, ಅದೊಂದು ತೋರಿಸು" ಅಂತ ಕೇಳಿ ನಿಲ್ಲುತ್ತಿದ್ದೆ.

ಬರುತ್ತಿತ್ತು, ಗುಬ್ಬಿ. ಒಂದು ದಿನವೂ ತಪ್ಪಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೀನು ಒಳಗಿಂದ, "ಅತ್ತಿಗೇ, ಹಸಿವು!" ಅಂತ ಕೂಗುತ್ತಿದ್ದೆ. ನಾನು ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದೆ.

ನಿನ್ನ ಅತ್ತಿಗೆ